ಕ್ರಾಸ್ ರಸ್ತೆಯಲ್ಲಿ ವ್ಯಾಪಾರ ಬೆಳೆದಾಗ

ಬೆಂಗಳೂರಿನ ಬನಶಂಕರಿಯಲ್ಲಿ ಮನೆಯ ಪಕ್ಕ ಅಂಗಡಿ ಇರುವುದು ಹೊಸದಲ್ಲ. ಹಾಲಿನ ಬೂತು, ದಿನಸಿ ಅಂಗಡಿ, ಇಸ್ತ್ರಿ ಗಾಡಿ ಇಲ್ಲದ ಬೀದಿ ಅಪರೂಪ. ಅವು ಇದ್ದರೇ ನಿವಾಸಿಗಳಿಗೆ ಅನುಕೂಲ. ತಕರಾರು ಏಳುವುದು ಚಿಕ್ಕ ವ್ಯಾಪಾರ ದೊಡ್ಡದಾದಾಗ. ನೆಲಮಹಡಿಯ ಹೋಟೆಲು ಮೇಲಿನ ಮಹಡಿಗೂ ಹಬ್ಬುತ್ತದೆ, ಕಾರ್ ಶೆಡ್ಡು ಅಡುಗೆಮನೆಯಾಗುತ್ತದೆ, ಹಿತ್ತಲಿಗೆ ಜನರೇಟರ್ ಬರುತ್ತದೆ. ಬನಶಂಕರಿ ನಿಲ್ದಾಣಕ್ಕೆ 2017ರಲ್ಲಿ ಮೆಟ್ರೊ ಬಂದ ಮೇಲೆ ಈ ಭಾಗದಲ್ಲಿ ಜನರ ಓಡಾಟವೂ ಹೆಚ್ಚಿದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸೈಟು ಹಂಚುವಾಗ ಅದನ್ನು ವಾಸದ ಮನೆಗೇ ಬಳಸಬೇಕೆಂಬ ಷರತ್ತು ಇರುತ್ತದೆ. 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ ಮಿಶ್ರ ಬಳಕೆಗೆ ಬಾಗಿಲು ತೆರೆದು ಆ ಚಿತ್ರವನ್ನು ಬದಲಿಸಿತು. ನಾಗರಿಕ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಆ ಹೋರಾಟದ ನಂತರ ರಸ್ತೆಯ ಅಗಲ, ಮುಖ್ಯವಾಗಿ 40 ಅಡಿ ಎಂಬ ಅಳತೆ, ನಿರ್ಣಾಯಕವಾಯಿತು. 2031ರ ಮಾಸ್ಟರ್ ಪ್ಲಾನ್ ಕರಡನ್ನು ಸರ್ಕಾರ ಹಿಂತೆಗೆದುಕೊಂಡಿದ್ದರಿಂದ ಹಳೆಯ ಯೋಜನೆಯೇ ಮುಂದುವರಿಯಿತು. ಹಾಗಾಗಿ ಟ್ರೇಡ್ ಲೈಸೆನ್ಸ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆ ಎಂದಲ್ಲ. ಆ ರಸ್ತೆಯಲ್ಲಿ, ಆ ವಿಸ್ತೀರ್ಣದಲ್ಲಿ, ಆ ಬಗೆಯ ವ್ಯಾಪಾರಕ್ಕೆ ಅವಕಾಶವಿದೆಯೇ ಎಂಬುದು ಮೊದಲು ಖಚಿತವಾಗಬೇಕು.

ನೆರೆಯವರಿಗೆ ನಿಜವಾಗಿ ತಟ್ಟುವುದು ಶಬ್ದ, ಹೊಗೆ, ಪಾರ್ಕಿಂಗ್. ಹೋಟೆಲಿನ ಉದಾಹರಣೆಯಲ್ಲಿ ಮೂರೂ ಸಿಗುತ್ತವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ನಿಂತು ತಿನ್ನುವ ಪದ್ಧತಿ ಊರಿಡೀ ಹರಡಿತು. ಕುರ್ಚಿಗಳಿಲ್ಲದೆ ಜಾಗ ಉಳಿಯಿತು, ದರವೂ ಕೈಗೆಟಕಿತು. ಆದರೆ ಒಳಗೆ ಜಾಗ ಸಾಲದಾದಾಗ ಗಿರಾಕಿ ತಟ್ಟೆ ಹಿಡಿದು ಫುಟ್‌ಪಾತಿಗೆ ಬರುತ್ತಾನೆ, ಅವನ ಬೈಕು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲುತ್ತದೆ. ಒಳಗಿನ ಇಕ್ಕಟ್ಟನ್ನು ರಸ್ತೆಗೆ ದಾಟಿಸುವುದನ್ನು ವಿಸ್ತರಣೆ ಎನ್ನಲಾಗದು.

ಶಬ್ದಕ್ಕೆ ಕಾನೂನಿನಲ್ಲಿ ಅಳತೆಯಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಅದು 65 ಮತ್ತು 55. ರಾತ್ರಿ ಎಂದರೆ 10ರಿಂದ ಬೆಳಗಿನ 6ರವರೆಗೆ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಆದ್ದರಿಂದ ಈ ವ್ಯತ್ಯಾಸ ಕಾಗದದಲ್ಲಿ ಕಾಣುವಷ್ಟು ಚಿಕ್ಕದಲ್ಲ. ಬೆಳಿಗ್ಗೆ ಐದಕ್ಕೆ ತಿರುಗುವ ಗ್ರೈಂಡರು, ಪಾತ್ರೆ ತೊಳೆಯುವ ಸದ್ದು ರಾತ್ರಿಯ ಮಿತಿಯೊಳಗೇ ಇರಬೇಕು.

ಇವುಗಳಲ್ಲಿ ಬಹುಪಾಲು ತೊಂದರೆಗೆ ಪರಿಹಾರವಿದೆ. ಗ್ರೈಂಡರನ್ನು ಪಕ್ಕದ ಮನೆಯ ಗೋಡೆಯಿಂದ ದೂರವಿಟ್ಟು ಕೆಳಗೆ ದಪ್ಪ ರಬ್ಬರ್ ಹಾಸಿದರೆ ಕಂಪನ ತಗ್ಗುತ್ತದೆ. ಚಿಮಣಿ ಅಕ್ಕಪಕ್ಕದ ತಾರಸಿಗಿಂತ ಎತ್ತರಕ್ಕೆ ಹೋಗಬೇಕು, ಫಿಲ್ಟರು ಆಗಾಗ ಶುಚಿಯಾಗಬೇಕು. ಎಣ್ಣೆ ಜಿಡ್ಡನ್ನು ತಡೆದು ನೀರು ಬಿಡದಿದ್ದರೆ ಒಳಚರಂಡಿ ಕಟ್ಟಿಕೊಂಡು ಬೀದಿಗೆಲ್ಲ ನಾತ ಹರಡುತ್ತದೆ. ಸರಕಿನ ವಾಹನಕ್ಕೆ ಹೊತ್ತು ಗೊತ್ತುಮಾಡಿ, ಗಿರಾಕಿಗಳ ವಾಹನಕ್ಕೆ ಬಾಡಿಗೆ ಜಾಗ ಹಿಡಿದರೆ ಅರ್ಧ ಜಗಳ ಮುಗಿಯುತ್ತದೆ. ಇದೆಲ್ಲಕ್ಕೂ ಖರ್ಚಾಗುತ್ತದೆ, ನಿಜ. ಲಾಭ ಯಾರಿಗೋ ಅವರೇ ಅದನ್ನು ಭರಿಸುವುದು ನ್ಯಾಯ. ಇಲ್ಲವಾದರೆ ಪಕ್ಕದ ಮನೆಯ ಹಿರಿಯರು ನಿದ್ದೆ ಕಳೆದುಕೊಂಡು ಅದನ್ನು ತೀರಿಸುತ್ತಿರಬೇಕಾಗುತ್ತದೆ.

ನಿವಾಸಿಗಳ ಮಾತಿಗೆ ಕಾನೂನಿನ ಬಲವೂ ಇದೆ. ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಸ್ಥಳೀಯರು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದೇ ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ಹಂಚಿಕೆಯನ್ನು ಒಪ್ಪಲಿಲ್ಲ. ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂದಿತು. ಆದರೆ ಕೋರ್ಟು ಕಚೇರಿಯ ದಾರಿ ಉದ್ದ, ತೀರ್ಪು ಬರುವ ಹೊತ್ತಿಗೆ ನೆರೆಹೊರೆ ಮುರಿದಿರುತ್ತದೆ.

ಆದ್ದರಿಂದ ಕಟ್ಟಡದ ನಕ್ಷೆ ಅಂತಿಮವಾಗುವ ಮೊದಲೇ ಮಾಲೀಕರು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಜನರೇಟರ್, ಚಿಮಣಿ, ವಾಹನಗಳ ಜಾಗ ಎಲ್ಲಿ ಎಂಬುದನ್ನು ತೋರಿಸಬೇಕು. ಒಪ್ಪಿದ್ದನ್ನು ಬರೆದು ಸಹಿ ಹಾಕಿಕೊಳ್ಳಬೇಕು. ನಿವಾಸಿಗಳೂ ವ್ಯಾಪಾರವೇ ಬೇಡವೆನ್ನದೆ, ಯಾವ ತೊಂದರೆ, ಯಾವ ಹೊತ್ತಿನಲ್ಲಿ ಎಂದು ದಿನಾಂಕ ಸಮೇತ ಬರೆದಿಡಲಿ. ಮಾತುಕತೆ ಫಲಿಸದಿದ್ದರೆ ಪಾಲಿಕೆಗೆ, ಪೊಲೀಸರಿಗೆ ಕೊಡುವ ದೂರಿಗೆ ಆ ಬರಹವೇ ಆಧಾರ.