ಅಳಿಸಿದ ಕಾಮೆಂಟ್ ಎಲ್ಲಿಗೆ ಹೋಗುತ್ತದೆ?

ಮದುವೆಯ ವಿಡಿಯೊವೊಂದು ಫೇಸ್‌ಬುಕ್‌ಗೆ ಬರುತ್ತದೆ. ಅದರ ಕೆಳಗೆ ದೂರದ ನೆಂಟರೊಬ್ಬರು ಮದುಮಗಳ ಮೈಬಣ್ಣದ ಬಗ್ಗೆ ಒಂದು ಸಾಲು ಬರೆದು, ನಗುವ ಎಮೋಜಿ ಅಂಟಿಸುತ್ತಾರೆ. ಹತ್ತು ನಿಮಿಷದಲ್ಲಿ ಮನಸ್ಸು ಚುಚ್ಚಿ ಅಳಿಸುತ್ತಾರೆ. ಅಷ್ಟರೊಳಗೆ ಹುಡುಗಿಯ ಚಿಕ್ಕಪ್ಪನ ಮಗ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಆಗಿದೆ. ನೆಂಟರು ಅಳಿಸಿದ್ದು ತಮ್ಮ ಪ್ರತಿಯನ್ನು ಮಾತ್ರ.

ಉಳಿಯುವುದು ಹೇಗೆ?

ಫೇಸ್‌ಬುಕ್‌ನಲ್ಲಿ ಅಳಿಸಿದ್ದು ಕಂಪನಿಯ ಸರ್ವರ್‌ಗಳಿಂದ ಪೂರ್ತಿ ಹೋಗಲು 90 ದಿನಗಳವರೆಗೆ ಹಿಡಿಯಬಹುದು. ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಲು ಸಿಗುವುದು ಸುಮಾರು ಎರಡೂವರೆ ದಿನ. ಅಷ್ಟರಲ್ಲಿ ಫಾರ್ವರ್ಡ್ ಆದ ಪ್ರತಿಗಳನ್ನು ಅದು ಮುಟ್ಟುವುದೇ ಇಲ್ಲ. ಇನ್ನು ಸ್ಕ್ರೀನ್‌ಶಾಟ್ ಎಷ್ಟು ಫೋನುಗಳಲ್ಲಿದೆ ಎಂಬ ಲೆಕ್ಕ ಯಾವ ಕಂಪನಿಯ ಬಳಿಯೂ ಇರುವುದಿಲ್ಲ.

ಅಳಿಸಿದರೆ ಮುಗಿಯಿತೇ?

ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವೆ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ಜರೆಯುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಬರೆದವರು ಬೇರೆಯವರು. ಗದ್ದಲವೆದ್ದಾಗ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದದೆಯೇ ಹಂಚಿದರು ಎಂದು ಅವರ ವಕೀಲರು ವಾದಿಸಿದರು. ಪ್ರಕರಣ ರದ್ದುಪಡಿಸಲು ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ. 2024ರಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯ ಒಂದು ತಿಂಗಳ ಸಾದಾ ಸಜೆ, 15,000 ರೂಪಾಯಿ ದಂಡ ವಿಧಿಸಿತು. ಮರುವರ್ಷ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ 2015ರಲ್ಲಿ ರದ್ದಾದ ಮೇಲೆ ಆನ್‌ಲೈನ್ ಮಾತಿಗೆ ಕಾನೂನಿನ ಹಂಗಿಲ್ಲ ಎಂದುಕೊಂಡವರಿದ್ದಾರೆ. ಆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನನಷ್ಟಕ್ಕೆ ಎರಡು ವರ್ಷದವರೆಗೆ, 79ನೇ ಸೆಕ್ಷನ್ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಮೂರು ವರ್ಷದವರೆಗೆ ಸಜೆಯಾಗಬಹುದು.

ನೋವುಂಡವರು ಮಾಡಬೇಕಾದ್ದು

ಮೊದಲು ಸಾಕ್ಷ್ಯ, ಆಮೇಲೆ ರಿಪೋರ್ಟ್. ಈ ಕ್ರಮ ತಪ್ಪಿದರೆ ಕಾಮೆಂಟೂ ಹೋಗುತ್ತದೆ, ಪುರಾವೆಯೂ ಹೋಗುತ್ತದೆ. ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕನ್ನು ಬೇರೆ ಕಡೆ ಬರೆದಿಡಿ. ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಬೆದರಿಕೆ, ಅಶ್ಲೀಲ ನಿಂದನೆಯಾದರೆ ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಬರೀ ಮಾನನಷ್ಟವಾದರೆ ದಾರಿ ಬೇರೆ: ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ಪರಿಹಾರದ ಹಣಕ್ಕಾಗಿ ಸಿವಿಲ್ ದಾವೆ ಹೂಡುವುದಿದ್ದರೆ, ಬರಹ ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು.

ಬರೆದವರು ಮಾಡಬೇಕಾದ್ದು

ಅಳಿಸಿ, ಆದರೆ ಸುಮ್ಮನಾಗಬೇಡಿ. ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎನ್ನಬೇಡಿ. ಆ ‘ದ್ದರೆ’ಯಲ್ಲೇ ಕ್ಷಮೆಯೆಲ್ಲ ಸೋರಿಹೋಗುತ್ತದೆ. ಏನು ಬರೆದಿರಿ, ಯಾರ ಬಗ್ಗೆ ಬರೆದಿರಿ ಎಂದು ಹೇಳಿಯೇ ತಪ್ಪೊಪ್ಪಿಕೊಳ್ಳಿ. ಬರೆದ ಜಾಗದಲ್ಲಿ ಕೇಳಿದರಷ್ಟೇ ಸಾಲದು, ಮಾತು ಹೋಗಿ ಕೂತ ಜಾಗಕ್ಕೂ ಕ್ಷಮೆ ತಲುಪಬೇಕು. ಆ ನೆಂಟರ ಮಟ್ಟಿಗೆ ಅದು ಮದುಮಗಳ ಮನೆಯವರ ವಾಟ್ಸ್ಆ್ಯಪ್ ಗ್ರೂಪು.