ಮೊಬೈಲ್ ಫೋನಿನಲ್ಲಿ ಇ-ಮೇಲ್ ಚಿತ್ರಗಳು ತೆರೆದುಕೊಳ್ಳದಿದ್ದಲ್ಲಿ ಪರಿಶೀಲಿಸಬೇಕಾದ ಅಂಶಗಳ ಕುರಿತು ವಿವರಣೆ

ತಾಲ್ಲೂಕು ಪಂಚಾಯತ್ ಹಾಗೂ ಗ್ರಾಮ ಪಂಚಾಯತ್ ಕಛೇರಿಗಳ ಟಪಾಲಿನಲ್ಲಿ ಗಣನೀಯ ಭಾಗವು ಇಂದು ಇ-ಮೇಲ್ ಮೂಲಕ ಬರುತ್ತಿದ್ದು, ಅಧಿಕಾರಿ ಮತ್ತು ಸಿಬ್ಬಂದಿಯವರು ಸ್ಥಳ ಪರಿಶೀಲನೆಯಲ್ಲಿರುವಾಗ ಅದನ್ನು ಮೊಬೈಲ್ ಫೋನಿನಲ್ಲಿಯೇ ನೋಡಬೇಕಾಗುತ್ತದೆ. ಹಾಗೆ ನೋಡುವಾಗ ಪತ್ರದ ಶೀರ್ಷಿಕೆ ಕಾಣಿಸಿ, ಒಳಗೆ ನಕ್ಷೆ, ನಮೂನೆ ಅಥವಾ ಕಾಮಗಾರಿಯ ಛಾಯಾಚಿತ್ರ ಇರಬೇಕಾದ ಸ್ಥಳದಲ್ಲಿ ಖಾಲಿ ಚೌಕವೊಂದು ಮಾತ್ರ ಕಾಣುವುದುಂಟು. ಸಭೆಯ ದಿನಾಂಕ, ವರದಿ ಸಲ್ಲಿಸಬೇಕಾದ ಕೊನೆಯ ದಿನ ಮೊದಲಾದ ವಿವರಗಳು ಆ ಚಿತ್ರದೊಳಗೇ ಇದ್ದಲ್ಲಿ, ಪತ್ರವು ತಲುಪಿಯೂ ತಲುಪದಂತಾಗುತ್ತದೆ. ‘ಮೇಲ್ ಬಂದಿದೆ, ಅದರಲ್ಲಿ ಏನೂ ಇಲ್ಲ’ ಎಂದು ಉತ್ತರಿಸುವ ಸಿಬ್ಬಂದಿಯನ್ನು ಉದಾಸೀನರೆಂದು ಭಾವಿಸುವುದು ಸರಿಯಲ್ಲ. ಅವರು ತಮ್ಮ ಪರದೆಯಲ್ಲಿ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಆದುದರಿಂದ ಈ ತೊಂದರೆಯ ಕಾರಣಗಳನ್ನೂ ಪರಿಹಾರಗಳನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ, ಇ-ಮೇಲ್‌ನಲ್ಲಿ ಚಿತ್ರವು ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಆರಂಭದಲ್ಲಿ ಇ-ಮೇಲ್ ಎಂಬುದು ಕೇವಲ ಅಕ್ಷರಗಳ ವ್ಯವಸ್ಥೆಯಾಗಿತ್ತು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರು ರೂಪಿಸಿದ ‘ಮೈಮ್’ ಎಂಬ ಮಾನಕದಿಂದ ಚಿತ್ರ, ಧ್ವನಿ ಮತ್ತು ಇತರ ಕಡತಗಳನ್ನು ಪತ್ರದೊಡನೆ ಕಳುಹಿಸುವುದು ಸಾಧ್ಯವಾಯಿತು. ಈಗ ಚಿತ್ರವು ಲಗತ್ತಾಗಿ ಬರಬಹುದು. ಪತ್ರದ ಒಕ್ಕಣೆಯ ನಡುವೆ ಅಳವಡಿಸಿಕೊಂಡು ಬರಬಹುದು. ಅಥವಾ ಚಿತ್ರವೇ ಬಾರದೆ, ಅದು ಇರುವ ದೂರದ ಸರ್ವರ್‌ನ ವಿಳಾಸವಷ್ಟೇ ಬರಬಹುದು. ಮೊದಲ ಎರಡರಲ್ಲಿ ಚಿತ್ರವು ಲಕೋಟೆಯೊಳಗೇ ಇದೆ ಎಂದು ತಿಳಿಯಬಹುದು. ಮೂರನೆಯದರಲ್ಲಿ ಲಕೋಟೆಯೊಳಗೆ ಇರುವುದು ಒಂದು ಚೀಟಿ. ಪತ್ರ ತೆರೆದ ಕ್ಷಣದಲ್ಲಿ ಫೋನು ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತರಬೇಕು. ಖಾಲಿ ಚೌಕಗಳು ಹೆಚ್ಚಾಗಿ ಕಾಣುವುದು ಈ ಮೂರನೆಯ ಬಗೆಯಲ್ಲಿಯೇ.

ಇದಕ್ಕೆ ಕಾರಣ ಯಾವಾಗಲೂ ದೋಷವಲ್ಲ. ಹಲವು ಸಂದರ್ಭಗಳಲ್ಲಿ ಇ-ಮೇಲ್ ಆ್ಯಪ್ ಉದ್ದೇಶಪೂರ್ವಕವಾಗಿ ಚಿತ್ರವನ್ನು ತಡೆದಿರುತ್ತದೆ. ಜಾಹೀರಾತುದಾರರೂ ವಂಚಕರೂ ಪತ್ರದೊಳಗೆ ಕಣ್ಣಿಗೆ ಕಾಣದ, ಒಂದೇ ಚುಕ್ಕೆಯಷ್ಟು ಗಾತ್ರದ ಚಿತ್ರವನ್ನು ಇಡುವುದುಂಟು. ಫೋನು ಆ ಚುಕ್ಕೆಯನ್ನು ತರಲು ಹೋದೊಡನೆ, ಈ ವಿಳಾಸದ ಪತ್ರವು ಇಂತಹ ಸಮಯಕ್ಕೆ ತೆರೆಯಲ್ಪಟ್ಟಿದೆ ಎಂಬ ಮಾಹಿತಿ ಆ ಕಡೆಯವರಿಗೆ ದೊರೆಯುತ್ತದೆ. ವಿಳಾಸವು ಬಳಕೆಯಲ್ಲಿದೆ ಎಂದು ತಿಳಿದ ಬಳಿಕ ಅನಗತ್ಯ ಪತ್ರಗಳು ಹೆಚ್ಚುವ ಸಂಭವವಿರುತ್ತದೆ. ಇದನ್ನು ತಗ್ಗಿಸಲು ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ಗೂಗಲ್‌ನ ಸ್ವಂತ ಸರ್ವರ್‌ಗಳ ಮೂಲಕ ತರಿಸಿ ತೋರಿಸುವ ಕ್ರಮವನ್ನು ಅಳವಡಿಸಿಕೊಂಡಿತು. ಆಪಲ್ ಸಂಸ್ಥೆಯು 2021ರಲ್ಲಿ ಐಒಎಸ್ 15ರೊಂದಿಗೆ ಇಂತಹುದೇ ರಕ್ಷಣೆಯನ್ನು ನೀಡಿತು. ಆದಾಗ್ಯೂ ಅಪಾಯ ಸಂಪೂರ್ಣವಾಗಿ ನಿವಾರಣೆಯಾಗಿಲ್ಲವಾದ್ದರಿಂದ, ಚಿತ್ರ ಕಾಣಲಿಲ್ಲವೆಂದು ಎಲ್ಲ ತಡೆಗಳನ್ನೂ ಒಮ್ಮೆಲೇ ತೆಗೆದುಹಾಕುವುದು ಸೂಕ್ತವಲ್ಲ.

ಪರಿಶೀಲನೆಯನ್ನು ಒಂದು ಸರಳ ಪ್ರಶ್ನೆಯಿಂದ ಆರಂಭಿಸತಕ್ಕದ್ದು: ಚಿತ್ರ ಕಾಣದಿರುವುದು ಈ ಒಂದು ಪತ್ರದಲ್ಲಿ ಮಾತ್ರವೋ ಅಥವಾ ಎಲ್ಲ ಪತ್ರಗಳಲ್ಲಿಯೋ? ಬೇರೊಬ್ಬರು ಕಳುಹಿಸಿದ ಪತ್ರವನ್ನು ತೆರೆದು ನೋಡಿದಲ್ಲಿ ಇದು ತಿಳಿಯುತ್ತದೆ. ಒಂದರಲ್ಲಿ ಮಾತ್ರವಾದರೆ ದೋಷವು ಕಳುಹಿಸಿದವರ ಕಡೆಯದ್ದಾಗಿರುವುದೇ ಹೆಚ್ಚು. ಆಗ ಫೋನಿನ ಸೆಟ್ಟಿಂಗ್ಸ್‌ಗಳನ್ನು ಬದಲಿಸುತ್ತ ಕೂರುವುದು ವ್ಯರ್ಥ. ಅದೇ ಪತ್ರವನ್ನು ಕಛೇರಿಯ ಕಂಪ್ಯೂಟರಿನಲ್ಲಿ ತೆರೆದು, ಅಲ್ಲಿಯೂ ಚಿತ್ರ ಬಾರದಿದ್ದರೆ ಈ ಅನುಮಾನ ದೃಢವಾಗುತ್ತದೆ.

ಎಲ್ಲ ಪತ್ರಗಳಲ್ಲಿಯೂ ಹಾಗೆಯೇ ಇದ್ದಲ್ಲಿ ಮೊದಲು ನೋಡಬೇಕಾದದ್ದು ಸಂಪರ್ಕ. ಅಕ್ಷರಗಳು ಕೆಲವೇ ಕಿಲೋಬೈಟ್‌ಗಳಷ್ಟಿದ್ದು ದುರ್ಬಲ ಸಿಗ್ನಲ್‌ನಲ್ಲಿಯೂ ಬರುತ್ತವೆ. ಚಿತ್ರಗಳು ಅದರ ನೂರಾರು ಪಟ್ಟು ದೊಡ್ಡವಾದ್ದರಿಂದ ಮಧ್ಯದಲ್ಲಿ ನಿಲ್ಲುತ್ತವೆ. ಮಲೆನಾಡಿನ ಕಣಿವೆಯ ಊರುಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊಬೈಲ್ ಡೇಟಾದಿಂದ ವೈ-ಫೈಗೆ, ವೈ-ಫೈನಿಂದ ಮೊಬೈಲ್ ಡೇಟಾಗೆ ಬದಲಿಸಿ ನೋಡುವುದು. ಸಾರ್ವಜನಿಕ ವೈ-ಫೈ ಆಗಿದ್ದಲ್ಲಿ ಮೊಬೈಲ್ ಸಂಖ್ಯೆ ನೀಡಿ ಲಾಗಿನ್ ಆಗುವವರೆಗೆ ಸಂಪರ್ಕ ದೊರೆತಂತೆ ಕಂಡರೂ ಏನೂ ಇಳಿಯುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ‘ಡೇಟಾ ಸೇವರ್’ ಚಾಲೂ ಇದ್ದಲ್ಲಿ, ಕೆಲವು ಆ್ಯಪ್‌ಗಳು ಚಿತ್ರವನ್ನು ಬೆರಳಿನಿಂದ ಮುಟ್ಟುವವರೆಗೆ ತೋರಿಸುವುದಿಲ್ಲ. ತಿಂಗಳ ಕೊನೆಯಲ್ಲಿ ಡೇಟಾ ಉಳಿಸಲೆಂದು ಚಾಲೂ ಮಾಡಿ ಮರೆತುಬಿಡುವ ಸೌಲಭ್ಯವಿದು. ಇಡೀ ಸೌಲಭ್ಯವನ್ನು ನಿಲ್ಲಿಸದೆ, ಇ-ಮೇಲ್ ಆ್ಯಪ್‌ಗೆ ಮಾತ್ರ ವಿನಾಯಿತಿ ನೀಡುವುದಕ್ಕೂ ಅಲ್ಲಿಯೇ ಅವಕಾಶವಿದೆ.

ಸಂಪರ್ಕ ಸರಿಯಿದ್ದಲ್ಲಿ ಆ್ಯಪ್‌ನ ಸೆಟ್ಟಿಂಗ್ಸ್ ನೋಡತಕ್ಕದ್ದು. ಜಿಮೇಲ್ ಆ್ಯಪ್‌ನ ಮೇಲ್ಭಾಗದ ಮೂರು ಗೆರೆಗಳನ್ನು ಒತ್ತಿ, ‘ಸೆಟ್ಟಿಂಗ್ಸ್’ಗೆ ಹೋಗಿ, ಸಂಬಂಧಿಸಿದ ಖಾತೆಯನ್ನು ಆರಿಸಿದ ನಂತರ ‘ಇಮೇಜಸ್’ ಎಂಬಲ್ಲಿ ಎರಡು ಆಯ್ಕೆಗಳಿರುತ್ತವೆ: ಹೊರಗಿನ ಚಿತ್ರಗಳನ್ನು ಯಾವಾಗಲೂ ತೋರಿಸುವುದು, ಅಥವಾ ತೋರಿಸುವ ಮುನ್ನ ಕೇಳುವುದು. ಈ ಆಯ್ಕೆಯು ಪ್ರತಿ ಖಾತೆಗೂ ಪ್ರತ್ಯೇಕ ಎಂಬುದನ್ನು ಗಮನಿಸುವುದು. ಸ್ವಂತ ಖಾತೆ ಮತ್ತು ಕಛೇರಿಯ ಖಾತೆ ಎರಡನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಂಡವರು ಒಂದರಲ್ಲಿ ಬದಲಿಸಿ, ಇನ್ನೊಂದರಲ್ಲಿ ಚಿತ್ರ ಬರಲಿಲ್ಲವೆಂದು ಬೇಸರಿಸುವುದು ಸಾಮಾನ್ಯ. ಕಛೇರಿಯ ಖಾತೆಗೆ ‘ಕೇಳುವುದು’ ಎಂಬ ಆಯ್ಕೆಯೇ ಉತ್ತಮ. ಪರಿಚಿತ ಕಛೇರಿಯಿಂದ ಬಂದ ಪತ್ರದಲ್ಲಿ ‘ಶೋ ಪಿಕ್ಚರ್ಸ್’ ಎಂಬುದನ್ನು ಒತ್ತಿದರೆ ಕೆಲಸ ಮುಗಿಯುತ್ತದೆ. ಔಟ್‌ಲುಕ್ ಆ್ಯಪ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್‌ನೊಳಗೆ ಹೊರಗಿನ ಚಿತ್ರಗಳನ್ನು ತಡೆಯುವ ಗುಂಡಿ ಇರುತ್ತದೆ. ಐಫೋನಿನಲ್ಲಿ ‘ಮೇಲ್’ನ ಸೆಟ್ಟಿಂಗ್ಸ್‌ನಲ್ಲಿರುವ ‘ಪ್ರೈವಸಿ ಪ್ರೊಟೆಕ್ಷನ್’ ಅನ್ನು ನೋಡುವುದು. ವಿಪಿಎನ್ ಬಳಸುವಾಗ ಅಲ್ಲಿ ಚಿತ್ರಗಳನ್ನು ಖಾಸಗಿಯಾಗಿ ತರಲಾಗಲಿಲ್ಲವೆಂಬ ಸೂಚನೆ ಪತ್ರದ ಮೇಲೆ ಬರುವುದುಂಟು.

ಇಷ್ಟಾದರೂ ಸರಿಹೋಗದಿದ್ದಲ್ಲಿ ಯಾರೂ ಅನುಮಾನಿಸದ ಕೆಲವು ಕಡೆ ನೋಡಬೇಕಾಗುತ್ತದೆ. ಫೋನಿನ ದಿನಾಂಕ ತಪ್ಪಿದ್ದರೆ ಚಿತ್ರಗಳು ಬರುವುದಿಲ್ಲ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಸುರಕ್ಷಿತ ಸರ್ವರ್‌ಗಳು ನಿಗದಿತ ಅವಧಿಗೆ ಮಾನ್ಯವಾದ ಪ್ರಮಾಣಪತ್ರ ಹೊಂದಿರುತ್ತವೆ. ಫೋನಿನ ದಿನಾಂಕ ಆ ಅವಧಿಯ ಹೊರಗಿದ್ದಲ್ಲಿ ಫೋನು ಅವುಗಳನ್ನು ನಂಬದೆ ಸಂಪರ್ಕವನ್ನೇ ಕಡಿದುಕೊಳ್ಳುತ್ತದೆ. ಬ್ಯಾಟರಿ ಪೂರ್ಣ ಬರಿದಾಗಿ ಮರುಚಾಲನೆಗೊಂಡ ಹಳೆಯ ಫೋನುಗಳಲ್ಲಿ ಈ ತೊಂದರೆ ಕಂಡುಬರುತ್ತದೆ. ದಿನಾಂಕವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಚಾಲೂ ಮಾಡಿದರೆ ಸಾಕು. ಫೋನಿನ ಸಂಗ್ರಹ ಸ್ಥಳ ತುಂಬಿದ್ದರೂ ಇದೇ ಪರಿಣಾಮ. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿರುವ ‘ಪ್ರೈವೇಟ್ ಡಿಎನ್ಎಸ್’ನಲ್ಲಿ ಜಾಹೀರಾತು ತಡೆಯುವ ವಿಳಾಸವನ್ನು ಯಾರಾದರೂ ಹಾಕಿಕೊಟ್ಟಿದ್ದರೆ, ಜಾಹೀರಾತಿನ ಜೊತೆಗೆ ಬೇಕಾದ ಚಿತ್ರವೂ ನಿಂತುಹೋಗುತ್ತದೆ. ಇನ್ನು ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂಬ ಅಂಗವನ್ನು ಇ-ಮೇಲ್ ಸೇರಿದಂತೆ ಅನೇಕ ಆ್ಯಪ್‌ಗಳು ಪುಟ ತೋರಿಸಲು ಅವಲಂಬಿಸಿರುತ್ತವೆ. 2021ರ ಮಾರ್ಚ್‌ನಲ್ಲಿ ಇದರ ದೋಷಪೂರಿತ ಆವೃತ್ತಿಯೊಂದರಿಂದಾಗಿ ಜಿಮೇಲ್ ಸಹಿತ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಪ್ಲೇ ಸ್ಟೋರ್‌ನಲ್ಲಿ ಅದನ್ನೂ ಇ-ಮೇಲ್ ಆ್ಯಪನ್ನೂ ಅಪ್‌ಡೇಟ್ ಮಾಡಿ, ಫೋನನ್ನು ಒಮ್ಮೆ ಆರಿಸಿ ಚಾಲೂ ಮಾಡುವುದು.

ಲಗತ್ತುಗಳ ತೊಂದರೆ ಬೇರೆ ಬಗೆಯದು. ಐಫೋನಿನಲ್ಲಿ ತೆಗೆದ ಛಾಯಾಚಿತ್ರಗಳು 2017ರ ನಂತರ ‘ಹೆಚ್ಇಐಸಿ’ ಎಂಬ ರೂಪದಲ್ಲಿ ಉಳಿಯುತ್ತಿದ್ದು, ಹಳೆಯ ಆಂಡ್ರಾಯ್ಡ್ ಫೋನುಗಳು ಇವನ್ನು ತೆರೆಯಲಾರವು. ಜೆಪೆಗ್ ರೂಪದಲ್ಲಿ ಮರಳಿ ಕಳುಹಿಸುವಂತೆ ಕೋರಬೇಕು. ‘ವಿನ್‌ಮೇಲ್.ಡ್ಯಾಟ್’ ಎಂಬ ಹೆಸರಿನ ಕಡತ ಬಂದಲ್ಲಿ, ಅದು ಔಟ್‌ಲುಕ್ ತನ್ನದೇ ಕ್ರಮದಲ್ಲಿ ಕಟ್ಟಿದ ಗಂಟು ಎಂದು ತಿಳಿದು ಸರಳ ರೂಪದಲ್ಲಿ ಮರುಕಳುಹಿಸಲು ತಿಳಿಸುವುದು. ಡ್ರೈವ್‌ನ ಕೊಂಡಿಯಾಗಿ ಬಂದ ಚಿತ್ರಕ್ಕೆ ಕಳುಹಿಸಿದವರು ನೋಡುವ ಅನುಮತಿ ನೀಡಿರಬೇಕು. ಲಗತ್ತು ಇ-ಮೇಲ್‌ನಲ್ಲಿ ಸಾಗುವಾಗ ಅದರ ಗಾತ್ರವು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ ಎಂಬುದನ್ನೂ, ಜಿಮೇಲ್‌ನಲ್ಲಿ ಲಗತ್ತುಗಳಿಗೆ 25 ಎಂಬಿ ಮಿತಿ ಇದೆ ಎಂಬುದನ್ನೂ ನೆನಪಿಡುವುದು.

ಸ್ಪ್ಯಾಮ್ ವಿಭಾಗದಲ್ಲಿರುವ ಪತ್ರಗಳ ಚಿತ್ರಗಳನ್ನು ಆ್ಯಪ್ ತೋರಿಸದಿರುವುದು ನಮ್ಮ ಹಿತಕ್ಕಾಗಿಯೇ. ಬ್ಯಾಂಕಿನ ಅಥವಾ ಇಲಾಖೆಯ ಲಾಂಛನ ನೋಡುವ ಕುತೂಹಲದಿಂದ ಅಂತಹ ಪತ್ರವನ್ನು ಇನ್‌ಬಾಕ್ಸ್‌ಗೆ ಸರಿಸಿ ಚಿತ್ರ ತೆರೆಯತಕ್ಕದ್ದಲ್ಲ. ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು; ಕಳುಹಿಸಿದವರ ಪೂರ್ಣ ಇ-ಮೇಲ್ ವಿಳಾಸವನ್ನು ಓದಿ ನೋಡುವುದು ಹೆಚ್ಚು ವಿಶ್ವಾಸಾರ್ಹ. ಅಂತಹ ಪತ್ರದಿಂದ ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

ಇನ್ನು ಪತ್ರ ಕಳುಹಿಸುವ ಕಛೇರಿಗಳಿಗೆ ಸಂಬಂಧಿಸಿದ ಮಾತು. ನಮ್ಮ ಕಛೇರಿಗಳಲ್ಲಿ ಪತ್ರವನ್ನೇ ಚಿತ್ರವಾಗಿ ಕಳುಹಿಸುವ ರೂಢಿ ಬೆಳೆಯಲು ಒಂದು ಇತಿಹಾಸವಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಒಕ್ಕಣೆಯು, ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಪತ್ರವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸುವ ಉಪಾಯ ರೂಢಿಗೆ ಬಂದಿತು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡವು ಇಂದಿನ ಫೋನುಗಳಲ್ಲಿ ನೇರವಾಗಿ ಓದಲು ಸಿಗುವುದರಿಂದ ಈ ಉಪಾಯದ ಅಗತ್ಯ ಈಗ ಉಳಿದಿಲ್ಲ. ಅಲ್ಲದೆ, ದೃಷ್ಟಿದೋಷವುಳ್ಳ ಸಿಬ್ಬಂದಿಗೆ ‘ಟಾಕ್‌ಬ್ಯಾಕ್’ ಸೌಲಭ್ಯವು ಯೂನಿಕೋಡ್ ಅಕ್ಷರಗಳನ್ನು ಓದಿ ಹೇಳುತ್ತದೆ. ಚಿತ್ರವಾಗಿ ಬಂದ ಪತ್ರದ ಮುಂದೆ ಅವರು ಇನ್ನೊಬ್ಬರ ನೆರವಿಗಾಗಿ ಕಾಯಬೇಕು. ಸಹಿ ಇರುವ ಪ್ರತಿಯನ್ನು ಪಿಡಿಎಫ್ ಆಗಿ ಲಗತ್ತಿಸಿದರೂ, ಸಭೆಯ ದಿನಾಂಕ, ಸಮಯ, ಸ್ಥಳ ಹಾಗೂ ಕೊನೆಯ ದಿನವನ್ನು ಪತ್ರದ ಒಕ್ಕಣೆಯಲ್ಲಿ ಅಕ್ಷರಗಳಲ್ಲಿಯೇ ನಮೂದಿಸತಕ್ಕದ್ದು. ಜಾಲತಾಣದಿಂದ ಚಿತ್ರವನ್ನು ನಕಲಿಸಿ ಅಂಟಿಸಿದಾಗ ಕೆಲವೊಮ್ಮೆ ಚಿತ್ರದ ಬದಲು ಅದರ ವಿಳಾಸ ಮಾತ್ರ ಅಂಟಿಕೊಳ್ಳುತ್ತದೆ. ಲಾಗಿನ್ ಆದ ಕಳುಹಿಸುವವರಿಗೆ ಅದು ಕಾಣುತ್ತದೆ, ಸ್ವೀಕರಿಸುವವರಿಗೆ ಕಾಣುವುದಿಲ್ಲ. ಆದುದರಿಂದ ಎಲ್ಲ ಗ್ರಾಮ ಪಂಚಾಯತ್‌ಗಳಿಗೆ ರವಾನಿಸುವ ಮುನ್ನ ಬೇರೊಂದು ಖಾತೆಗೆ ಒಂದು ಪ್ರತಿ ಕಳುಹಿಸಿ ಫೋನಿನಲ್ಲಿ ತೆರೆದು ನೋಡುವುದು.

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿದ ನಂತರವೂ ಚಿತ್ರಗಳು ತೆರೆದುಕೊಳ್ಳದಿದ್ದಲ್ಲಿ, ಕಛೇರಿಯ ಇ-ಮೇಲ್ ವ್ಯವಸ್ಥೆಯೇ ಅವನ್ನು ತಡೆದಿರುವ ಸಾಧ್ಯತೆಯಿದ್ದು, ಅದನ್ನು ಫೋನಿನಿಂದ ಬದಲಿಸಲಾಗದು. ಅಂತಹ ಸಂದರ್ಭದಲ್ಲಿ ಫೋನಿನ ಮಾದರಿ, ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿ, ಬಳಸುತ್ತಿರುವ ಆ್ಯಪ್, ತೊಂದರೆ ಕಂಡ ಪತ್ರದ ದಿನಾಂಕ ಮತ್ತು ಪರದೆಯ ಒಂದು ಸ್ಕ್ರೀನ್‌ಶಾಟ್ ಸಹಿತ ತಾಲ್ಲೂಕು ಪಂಚಾಯತ್ ಕಛೇರಿಯ ಗಮನಕ್ಕೆ ತರುವುದು. ವರದಿಯಲ್ಲಿ ಪಾಸ್‌ವರ್ಡ್ ಅನ್ನು ಯಾವ ಕಾರಣಕ್ಕೂ ಬರೆಯತಕ್ಕದ್ದಲ್ಲ. ಪತ್ರಕ್ಕೆ ಕೊನೆಯ ದಿನ ನಿಗದಿಯಾಗಿರುವ ಸಂಭವವಿದ್ದಲ್ಲಿ ದುರಸ್ತಿಗಾಗಿ ಕಾಯದೆ, ಕಳುಹಿಸಿದ ಶಾಖೆಗೆ ಅಂದೇ ದೂರವಾಣಿ ಮಾಡಿ ವಿವರ ಪಡೆದುಕೊಳ್ಳುವುದು.