ಸೈತಾನನಿಗೂ ಬಾಡಿಗೆಯ ಕರಾರು

ಕಾದಂಬರಿ ಬರೆಯುತ್ತಿರುವವನನ್ನು ಕಂಡರೆ ಜನ ಎರಡು ಪ್ರಶ್ನೆಗಳನ್ನು ಕೇಳುವುದುಂಟು. 'ಎಲ್ಲಿಗೆ ಬಂತು?' ಎಂಬುದು ಮೊದಲನೆಯದು. 'ಈಗ ಏನು ಓದುತ್ತಿದ್ದೀರಿ?' ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವುದು ಯಾವ ಲೇಖಕನಿಗೂ ಪ್ರಿಯವಲ್ಲ. ಆದ್ದರಿಂದ ಎರಡನೆಯದನ್ನೇ ಹಿಡಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಕರಡು ಸದ್ಯಕ್ಕೆ ಹದಿನಾಲ್ಕನೆಯ ಪ್ರಕರಣದಲ್ಲಿ ನಿಂತಿದೆ. ರಾಮಮೂರ್ತಿನಗರದ ಒಂದು ಮನೆಯಲ್ಲಿ, ಸಂಪರ್ಕದ ತಂತಿಯೇ ಇಲ್ಲದ ಹಳೆಯ ಕಪ್ಪು ಟೆಲಿಫೋನೊಂದು ನಡುರಾತ್ರಿ ಕರೆಗಂಟೆ ಬಾರಿಸುತ್ತದೆ. ಕಥೆ ಅಲ್ಲಿಂದ ಹೊರಡುತ್ತದೆ. ನೆರೆಯ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. 1948ರಲ್ಲಿ ಸ್ಥಾಪನೆಯಾದ ಟೆಲಿಫೋನ್ ಕಾರ್ಖಾನೆಯಿಂದ, ಎಂದರೆ ನಮ್ಮೆಲ್ಲರ ಐ.ಟಿ.ಐ.ಯಿಂದ, ಬಂದ ಹೆಸರು ಅದು. ದೂರದ ವಾಣಿಯ ನಗರ! ಅದ್ಭುತಕಥೆ ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಪ್ರೇರಣೆ ಬೇಕೆ?

ಇಂಥ ಕಥೆಗಳನ್ನು ಇಂಗ್ಲಿಷಿನವರು 'ಅರ್ಬನ್ ಫ್ಯಾಂಟಸಿ' ಎನ್ನುತ್ತಾರೆ. ನಾವು ನಗರಾದ್ಭುತ ಎಂದು ಕರೆದರೆ ಅಡ್ಡಿಯಿಲ್ಲವೆಂದು ನನಗೆ ತೋರುತ್ತದೆ. ಏಳು ಸಮುದ್ರಗಳ ಆಚೆಯ ರಾಜಕುಮಾರಿಯಾಗಲಿ, ಮರದ ಪೊಟರೆಯಲ್ಲಿ ಪ್ರಾಣವಿಟ್ಟ ರಾಕ್ಷಸನಾಗಲಿ ಇಲ್ಲಿಲ್ಲ. ಬಸ್ಸು, ಬಾಡಿಗೆ, ನಲ್ಲಿನೀರು, ಕಛೇರಿಯ ಹಾಜರಿ ಪುಸ್ತಕ ಇವುಗಳ ನಡುವೆಯೇ ಮಾಯೆ ಕಾಲಿಡಬೇಕು.

ಇದು ಪರದೇಶದ ಸರಕೆಂದು ಮೂಗು ಮುರಿಯುವವರಿದ್ದಾರೆ. ಅವರು ಸೋಮದೇವನ 'ಕಥಾಸರಿತ್ಸಾಗರ'ವನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಪುತ್ರಕನೆಂಬವನು ಮಾಯಾದಂಡದಿಂದ ಗಂಗೆಯ ದಡದಲ್ಲಿ ಒಂದು ಪಟ್ಟಣವನ್ನೇ ಬರೆಯುತ್ತಾನೆ, ಬರೆದದ್ದು ನಿಜವಾಗಿ ಎದ್ದು ನಿಲ್ಲುತ್ತದೆ, ಅದೇ ಪಾಟಲಿಪುತ್ರ. ಆ ಗ್ರಂಥಕ್ಕೆ ಮೂಲವಾದ ಗುಣಾಢ್ಯನ ಬೃಹತ್ಕಥೆಯನ್ನು ಆರನೆಯ ಶತಮಾನದ ಗಂಗರಾಜ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ನಮ್ಮ ಕೃಷ್ಣರಾಜಪುರದಿಂದ ಪೂರ್ವಕ್ಕೆ ಹೊರಟ ರಸ್ತೆ ಹೋಗುವುದು ಆ ಸೀಮೆಗೇ. ಊರನ್ನು ಮಾಯೆಯಿಂದ ಕಟ್ಟಿದ ಕಥೆಯನ್ನು ನಮ್ಮ ನೆರೆಯವನೇ ಆದ ಅರಸನೊಬ್ಬ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಅನುವಾದ ಮಾಡುತ್ತ ಕುಳಿತಿದ್ದನೆಂದ ಮೇಲೆ, ಪರದೇಶದ ಮಾತೆಲ್ಲಿ ಬಂತು?

ಆದರೂ ಎದುರು ಮನೆಯ ಕಾಲೇಜು ಹುಡುಗಿ ಮೊನ್ನೆ ಕೇಳಿದ ಪ್ರಶ್ನೆಗೆ ಶಾಸನದಿಂದ ಉತ್ತರ ಕೊಡಲು ಬರುವುದಿಲ್ಲ. ಆಕೆಯ ಕೈಯಲ್ಲಿ ಬೆನ್ ಆರನೊವಿಚ್ ಬರೆದ 'ರಿವರ್ಸ್ ಆಫ್ ಲಂಡನ್' ಇತ್ತು. 2011ರಲ್ಲಿ ಹೊರಬಂದ ಈ ಕಾದಂಬರಿಯಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ ಪೋಲೀಸಿನವನೊಬ್ಬ ಒಂದು ಕೊಲೆಗೆ ಸಾಕ್ಷಿಯಾಗಿದ್ದ ದೆವ್ವದ ಹೇಳಿಕೆಯನ್ನು ಬರೆದುಕೊಳ್ಳುತ್ತಾನೆ. ಮುಂದೆ ಥೇಮ್ಸ್ ನದಿಯ ಅಧಿದೇವತೆಯೂ ಆಕೆಯ ಹೆಣ್ಣುಮಕ್ಕಳೂ ಅವನಿಗೆ ಎದುರಾಗುತ್ತಾರೆ. ಲಂಡನ್ನಿನ ಬೀದಿಗಳ ಅಡಿಯಲ್ಲಿ ಎಂದೋ ಮುಚ್ಚಿಹೋದ ಫ್ಲೀಟ್, ಟೈಬರ್ನ್ ಮೊದಲಾದ ಹೊಳೆಗಳೇ ಆ ಮಕ್ಕಳು. ಹುಡುಗಿ ಹೇಳಿದಳು: "ಅಂಕಲ್, ಅಲ್ಲಿ ಮೋರಿಯಾಗಿ ಹೋದ ಹೊಳೆಗೂ ಒಬ್ಬ ದೇವತೆ ಇದ್ದಾಳೆ. ನಮ್ಮ ಏರಿಯಾದಲ್ಲಿ ಇರೋದು ಬರೀ ಟ್ರಾಫಿಕ್ಕು."

ಆಕೆ ಓದುವ ಮೇಜಿನಿಂದ ಕಲ್ಕೆರೆಯ ಕೆರೆ ಬಹಳ ದೂರವಿಲ್ಲ. ಹೆಬ್ಬಾಳ, ನಾಗವಾರಗಳ ಕಡೆಯಿಂದ ಇಳಿದುಬರುವ ನೀರು ಕೆರೆಯಿಂದ ಕೆರೆಗೆ ಹಾದು, ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರಿ, ಕಡೆಗೆ ದಕ್ಷಿಣ ಪಿನಾಕಿನಿಗೆ ಹೋಗುವ ದಾರಿಯಲ್ಲಿ ಅದೂ ಒಂದು ನಿಲ್ದಾಣ. ಪಶ್ಚಿಮದ ಕಡೆ ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದ ಅಡಿಯಲ್ಲಿ ಎಂದು ಐತಿಹ್ಯ. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು ನಿಂತಿರುವುದು ಧರ್ಮಾಂಬುಧಿ ಕೆರೆಯ ಮೇಲೆ. ಕಂಠೀರವ ಕ್ರೀಡಾಂಗಣದಲ್ಲಿ ಓಡುವವರು ಓಡುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಲಂಡನ್ನಿಗೆ ಇರುವ ಸಂಸಾರ ನಮಗೂ ಉಂಟು. ಆದರೆ ನಮ್ಮ ಮಕ್ಕಳಿಗೆ ಫ್ಲೀಟ್ ಗೊತ್ತು, ಧರ್ಮಾಂಬುಧಿ ಗೊತ್ತಿಲ್ಲ. ಕಥೆಯಾಗದ ನೀರು ಕೆಲವು ಕಾಲದ ಮೇಲೆ ಸೈಟಿನ ನಂಬರಾಗುತ್ತದೆ. ಈ ಕಾದಂಬರಿಗೆ ನಾನು ಕೈ ಹಾಕಿದ್ದಕ್ಕೆ, ನಿಜ ಹೇಳಬೇಕೆಂದರೆ, ಈ ಭಯವೇ ಕಾರಣ.

ನಮ್ಮ ನಗರದ ಐತಿಹ್ಯಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೆಂಪೇಗೌಡರ ಕೋಟೆಯ ಬಾಗಿಲು ಎಷ್ಟು ಬಾರಿ ಕಟ್ಟಿದರೂ ಬಿದ್ದುಹೋಗುತ್ತಿತ್ತಂತೆ. ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಕೊಟ್ಟಳಂತೆ. ಕೋರಮಂಗಲದಲ್ಲಿ ಆಕೆಯ ಗುಡಿಯಿದೆ. ಜನಪದರ 'ಕೆರೆಗೆ ಹಾರ'ದಲ್ಲಿ ನೀರು ಬರಲೆಂದು ಹೋದವಳೂ ಸೊಸೆಯೇ, ಭಾಗೀರಥಿ. ಹಲಸೂರು ಕೆರೆಯ ಬಳಿಯದೂ ಸೇರಿದಂತೆ ನಾಲ್ಕು ದಿಕ್ಕಿನ ಗಡಿಗೋಪುರಗಳನ್ನು ದಾಟಿ ಊರು ಬೆಳೆದರೆ ಕೇಡೆಂಬ ಮಾತೊಂದು ರೂಢಿಯಲ್ಲಿದೆ. (ಆ ಲೆಕ್ಕದಲ್ಲಿ ರಾಮಮೂರ್ತಿನಗರದವರಾದ ನಾವೆಲ್ಲ ಶಾಪದ ಆಚೆ ಬದಿಯಲ್ಲೇ ಸೈಟು ಕೊಂಡವರು.) ಮಾಯೆ ಇಲ್ಲಿ ಎಂದೂ ಪುಕ್ಕಟೆಯಾಗಿ ಬಂದಿಲ್ಲ. ಯಾರೋ ಬೆಲೆ ಕೊಟ್ಟಿದ್ದಾರೆ; ಬಹುಮಟ್ಟಿಗೆ ಮನೆಯ ಸೊಸೆ ಕೊಟ್ಟಿದ್ದಾಳೆ. ನನ್ನ ಹದಿನಾಲ್ಕನೆಯ ಪ್ರಕರಣ ನಿಂತಿರುವುದೂ ಇಲ್ಲಿಯೇ. ಟೆಲಿಫೋನಿನಲ್ಲಿ ಮಾತನಾಡುವ ಕೆರೆ ಏನನ್ನೋ ಕೇಳುತ್ತಿದೆ. ಅದನ್ನು ಈ ಸಲವೂ ಸೊಸೆಯ ಹೆಸರಿಗೇ ಬರೆಯಲು ನನಗೆ ಮನಸ್ಸಿಲ್ಲ.

ಆದ್ದರಿಂದ ಈಚೆಗೆ ಓದುವಾಗ ಪ್ರತಿಯೊಂದು ಪುಸ್ತಕವನ್ನೂ ಎರಡೇ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದೇನೆ. ಇಲ್ಲಿ ಬಂದ ಮಾಯೆ ಊರಿನ ಕಾಯಿದೆಗೆ ಒಳಪಡುತ್ತದೆಯೆ? ಅದರ ಖರ್ಚು ಯಾರ ಮೇಲೆ ಬೀಳುತ್ತದೆ?

ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುವುದು ರಷ್ಯದ ಮಿಖಾಯಿಲ್ ಬುಲ್ಗಾಕೋವನ 'ದಿ ಮಾಸ್ಟರ್ ಅಂಡ್ ಮಾರ್ಗರೀಟ'. ಸೈತಾನನು ಮಾಟವಿದ್ಯೆಯ ಪ್ರೊಫೆಸರನ ವೇಷದಲ್ಲಿ ಮಾಸ್ಕೋ ನಗರಕ್ಕೆ ಬರುತ್ತಾನೆ. ಬಂದವನಿಗೆ ಇಳಿದುಕೊಳ್ಳಲು ಜಾಗ ಬೇಕು. ಆ ಕಾಲದ ಮಾಸ್ಕೋದಲ್ಲಿ ಮನೆ ಸಿಕ್ಕುವುದು ಸೈತಾನನಿಗೂ ಸುಲಭವಲ್ಲ. ಅವನ ಪರಿವಾರದವನೊಬ್ಬ ವಸತಿ ಸಂಘದ ಅಧ್ಯಕ್ಷನನ್ನು ಕಂಡು, ಐವತ್ತನೆಯ ನಂಬರಿನ ಮನೆಯನ್ನು ಒಂದು ವಾರದ ಮಟ್ಟಿಗೆ ಕರಾರು ಬರೆಸಿಕೊಂಡು, ಕೈಬೆಚ್ಚಗೆ ಮಾಡಿ ಬಾಡಿಗೆಗೆ ಹಿಡಿಯುತ್ತಾನೆ. ಅದೇ ಅಧ್ಯಕ್ಷನ ಮನೆಯ ಗಾಳಿಗೂಡಿನಲ್ಲಿ ಅಡಗಿಸಿಟ್ಟಿದ್ದ ಆ ರೂಬಲುಗಳು ವಿದೇಶಿ ನೋಟುಗಳಾಗಿ ಮಾರ್ಪಟ್ಟು ಅವನು ಪೋಲೀಸರ ಕೈಗೆ ಸಿಕ್ಕುವ ಪ್ರಸಂಗವನ್ನು ಓದಿ ನಾನು ನಕ್ಕಷ್ಟು ಬೇರೆಲ್ಲಿಯೂ ನಕ್ಕಿಲ್ಲ. ಬೆಂಗಳೂರಿಗೆ ಬಂದಿದ್ದರೆ ಸೈತಾನನು ಹತ್ತು ತಿಂಗಳ ಮುಂಗಡ ಕೊಟ್ಟು, ಸಸ್ಯಾಹಾರಿಯೆಂದು ಪ್ರಮಾಣ ಮಾಡಿ, ಖಾಲಿ ಮಾಡುವಾಗ ಬಣ್ಣದ ಖರ್ಚನ್ನೂ ತೆರಬೇಕಾಗುತ್ತಿತ್ತು.

ನಗುವಿನ ಅಡಿಯಲ್ಲಿ ಭಯವಿದೆ. ಆ ಐವತ್ತನೆಯ ನಂಬರಿನ ಮನೆಯಲ್ಲಿ ಮೊದಲಿದ್ದವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಅದಕ್ಕೆ ಮಾಟ ಕಾರಣವೆಂದು ನೆರೆಯವರು ಪಿಸುಗುಟ್ಟುತ್ತಾರೆ. ಸ್ಟಾಲಿನ್ನನ ಕಾಲದಲ್ಲಿ ಮನುಷ್ಯರು ಹೇಗೆ ಕಾಣೆಯಾಗುತ್ತಿದ್ದರೆಂಬುದನ್ನು ಬಲ್ಲ ಓದುಗನಿಗೆ ಬೇರೆ ವಿವರಣೆ ಬೇಕಿಲ್ಲ. ಪುಸ್ತಕದ ಕಥೆಯೂ ಪುಸ್ತಕದೊಳಗಿನ ಕಥೆಗೆ ಕಡಿಮೆಯಲ್ಲ. 1928ರಲ್ಲಿ ಬರೆಯಲು ತೊಡಗಿದ ಬುಲ್ಗಾಕೋವ್ 1930ರಲ್ಲಿ ಕರಡನ್ನು ಬೆಂಕಿಗೆ ಹಾಕಿದ. ಮತ್ತೆ ಮೊದಲಿನಿಂದ ಬರೆದ. ಕಣ್ಣು ಮಂಜಾದ ಮೇಲೂ ಹೆಂಡತಿ ಯೆಲೆನಾಳಿಗೆ ಹೇಳಿ ತಿದ್ದಿಸಿದ. 1940ರಲ್ಲಿ ನಲವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. ಆಕೆ ಹಸ್ತಪ್ರತಿಯನ್ನು ಕಾಪಾಡಿಕೊಂಡು ಬಂದಳು. 'ಮಾಸ್ಕ್ವಾ' ಪತ್ರಿಕೆಯಲ್ಲಿ ಎರಡು ಕಂತುಗಳಾಗಿ, ಅದೂ ಕತ್ತರಿ ಪ್ರಯೋಗದೊಂದಿಗೆ, ಬೆಳಕು ಕಂಡದ್ದು 1966-67ರಲ್ಲಿ. ಕರಡು ಮುಂದುವರಿಯದೆ ಬೇಸರವಾದಾಗಲೆಲ್ಲ ಯೆಲೆನಾಳನ್ನು ನೆನೆಯುತ್ತೇನೆ.

ಬುಲ್ಗಾಕೋವನಿಗೆ ಗುರುಸ್ಥಾನದಲ್ಲಿದ್ದವನು ಗೋಗೋಲ್. ಅವನ 'ಮೂಗು' ಎಂಬ 1836ರ ಸಣ್ಣಕಥೆಯನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಬೆಳಿಗ್ಗೆ ಎದ್ದ ಅಧಿಕಾರಿಗೆ ಮುಖದಲ್ಲಿ ಮೂಗಿಲ್ಲ. ಆ ಮೂಗು ಅವನಿಗಿಂತ ಮೇಲಿನ ದರ್ಜೆಯ ಸಮವಸ್ತ್ರ ತೊಟ್ಟು ಸಾರೋಟಿನಲ್ಲಿ ಹೋಗುತ್ತಿದೆ! ಅವನು ಪತ್ರಿಕಾ ಕಛೇರಿಗೆ ಓಡಿ ಜಾಹೀರಾತು ಕೊಡಲು ಹೋದರೆ, ಪತ್ರಿಕೆಯ ಮಾನ ಹೋಗುತ್ತದೆಂದು ಗುಮಾಸ್ತ ನಿರಾಕರಿಸುತ್ತಾನೆ. ಸರ್ಕಾರಿ ನೌಕರಿಯ ಮೇಲುಕೀಳುಗಳನ್ನು ಬಲ್ಲ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಓದಬೇಕು.

ಇನ್ನು ಚೀನಾ ಮೀವಿಲ್ಲನ 'ದಿ ಸಿಟಿ ಅಂಡ್ ದಿ ಸಿಟಿ'. 2009ರ ಈ ಕಾದಂಬರಿಯಲ್ಲಿ ಭೂತವೂ ಇಲ್ಲ, ದೇವತೆಯೂ ಇಲ್ಲ. ಒಂದೇ ನೆಲದ ಮೇಲೆ ಎರಡು ನಗರಗಳಿವೆ. ಕೆಲವು ಬೀದಿಗಳು ಎರಡಕ್ಕೂ ಸೇರಿವೆ. ಒಂದು ನಗರದವನು ಇನ್ನೊಂದು ನಗರದವನನ್ನು ಕಂಡೂ ಕಾಣದಂತೆ ನಡೆಯಬೇಕು. ಬಾಲ್ಯದಿಂದಲೇ ಇದರ ಅಭ್ಯಾಸ. ತಪ್ಪಿ ಕಂಡುಬಿಟ್ಟರೆ ಅದೇ ಮಹಾಪರಾಧ. ಕೊಲೆಯೊಂದನ್ನು ಶೋಧಿಸಹೊರಟ ಪೋಲೀಸ್ ಅಧಿಕಾರಿಗೆ ಈ ಗಡಿಯನ್ನು ದಾಟಬೇಕಾದ ಸಂದರ್ಭ ಬರುತ್ತದೆ.

ಬೆಂಗಳೂರಿನವರಿಗೆ ಇದು ಕಟ್ಟುಕಥೆಯೆಂದು ತೋರಲಾರದು. 1809ರಲ್ಲಿ ದಂಡು ಬಂದು ನೆಲೆಸಿದ ದಿನದಿಂದ ಪೇಟೆ ಒಂದು ಊರು, ದಂಡು ಇನ್ನೊಂದು ಊರು. ಆಡಳಿತ ಬೇರೆ, ಭಾಷೆ ಬೇರೆ, ಊಟ ಉಡುಪು ಬೇರೆ. 1949ರಲ್ಲಿ ಎರಡನ್ನೂ ಒಂದೇ ಕಾರ್ಪೊರೇಷನ್ನಿಗೆ ಸೇರಿಸಿದರು. ಕಾಗದದ ಮೇಲೆ ಕೂಡಿಸಿದ್ದು ಮನಸ್ಸಿನಲ್ಲಿ ಎಷ್ಟು ಕೂಡಿದೆಯೆಂಬುದು ಬೇರೆಯ ಮಾತು. ಅದಿರಲಿ. ಇಂದು ರಾಮಮೂರ್ತಿನಗರದ ಒಂದೇ ಲಿಫ್ಟಿನಲ್ಲಿ ಹತ್ತು ವರ್ಷಗಳಿಂದ ಏರಿ ಇಳಿಯುತ್ತಿರುವ ಎರಡು ಸಂಸಾರಗಳು ಒಬ್ಬರ ಹೆಸರನ್ನು ಒಬ್ಬರು ಅರಿಯದೆ ಇರುವುದುಂಟು. ಮನೆಗೆಲಸದ ಹೆಂಗಸು ಎರಡೂ ಮನೆಗಳ ಒಳಗುಟ್ಟನ್ನು ಬಲ್ಲಳು. ಆಕೆಯನ್ನು ಮಾತ್ರ ಎರಡೂ ಮನೆಯವರು ಕಂಡೂ ಕಾಣರು. ಮೀವಿಲ್ ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವನಲ್ಲ. ಆದರೂ ಆ ಪುಸ್ತಕ ಮುಗಿಸಿ ಬೀದಿಗಿಳಿದ ದಿನ ನನಗೆ ಹೊಸದಾಗಿ ಹಲವರು ಕಣ್ಣಿಗೆ ಬಿದ್ದರು.

ಎನ್. ಕೆ. ಜೆಮಿಸಿನ್ ಅವರ 'ದಿ ಸಿಟಿ ವಿ ಬಿಕೇಮ್' ಕೃತಿಗೆ (2020) ಹೊಗಳಿಕೆ ಬಹಳ ಬಂದಿದೆ. ನ್ಯೂಯಾರ್ಕಿನ ಒಂದೊಂದು ಭಾಗವೂ ಒಬ್ಬೊಬ್ಬ ಮನುಷ್ಯನಾಗಿ ಅವತರಿಸುವ ಕಲ್ಪನೆ ಭವ್ಯವಾಗಿದೆ. ಆದರೆ ಪಾತ್ರಗಳು ಆಗಾಗ ವೇದಿಕೆಯೇರಿ ಭಾಷಣ ಮಾಡುತ್ತವೆ. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಇದಕ್ಕಿಂತ ಬಂಗಾಳಿಯ ನಬಾರುಣ್ ಭಟ್ಟಾಚಾರ್ಯರ 'ಹರ್ಬರ್ಟ್' ಎಂಬ ಪುಟ್ಟ ಕಾದಂಬರಿ ಮೇಲು. ಸತ್ತವರೊಡನೆ ಮಾತನಾಡುತ್ತೇನೆಂದು ಬೋರ್ಡು ಹಾಕಿಕೊಂಡು ಕುಳಿತ ಕಲ್ಕತ್ತೆಯ ಅನಾಥನೊಬ್ಬನ ಕಥೆ. 1997ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಇಂಗ್ಲಿಷ್ ಅನುವಾದ ಸಿಕ್ಕುತ್ತದೆ. ನಮ್ಮ ಊರಿನವರೇ ಆದ ಉಷಾ ಕೆ. ಆರ್. 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಮಂಕಿ ಮ್ಯಾನ್' ಕೂಡ ಗಮನಾರ್ಹ. 2000ದ ಜನವರಿಯಲ್ಲಿ ಬೆಂಗಳೂರಿನ ಬೀದಿಯೊಂದರಲ್ಲಿ ಹಲವರ ಕಣ್ಣಿಗೆ ವಿಚಿತ್ರ ಪ್ರಾಣಿಯೊಂದು ಬೀಳುತ್ತದೆ. ಪ್ರಾಣಿ ಯಾವುದೆಂಬುದಕ್ಕಿಂತ, ಕಂಡವರ ಬಾಳನ್ನು ಬದಲುತ್ತಿರುವ ನಗರ ಹೇಗೆ ಅಲುಗಾಡಿಸುತ್ತಿತ್ತೆಂಬುದೇ ಅಲ್ಲಿನ ಸ್ವಾರಸ್ಯ.

ಕನ್ನಡದಲ್ಲಿ ಏನಿದೆ? ನಮ್ಮ ಕಾದಂಬರಿಕಾರರು ಅದ್ಭುತವನ್ನು ಬಹುಮಟ್ಟಿಗೆ ಕಾಡಿಗೂ ಹಳ್ಳಿಗೂ ಬಿಟ್ಟುಕೊಟ್ಟು, ಪಟ್ಟಣಕ್ಕೆ ಬಂದೊಡನೆ ಕಟ್ಟುನಿಟ್ಟಿನ ವಾಸ್ತವವಾದಿಗಳಾಗಿಬಿಡುತ್ತಾರೆ. ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (1979) ಮಾಯೆಯ ಸುಳಿವಿಲ್ಲದಿದ್ದರೂ ಮುಂಬಯಿ ನಗರವೇ ಒಂದು ಬೇಟೆಯ ಕಾಡಾಗುವುದನ್ನು ಕಾಣಬಹುದು. ಆದರೆ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುವುದು ಗಿರೀಶ ಕಾರ್ನಾಡರ ನಾಟಕ 'ಒಡಕಲು ಬಿಂಬ'. ಕನ್ನಡದಲ್ಲಿ ಬರೆಯುತ್ತಿದ್ದು, ಇಂಗ್ಲಿಷ್ ಕಾದಂಬರಿಯಿಂದ ಜಗತ್ಪ್ರಸಿದ್ಧಳಾದ ಲೇಖಕಿ ಟೆಲಿವಿಷನ್ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುತ್ತಾಳೆ. ಪರದೆಯ ಮೇಲಿನ ಅವಳ ಬಿಂಬ ಮಾತ್ರ ಏಳುವುದಿಲ್ಲ. ಅಲ್ಲಿಯೇ ಕುಳಿತು ಅವಳನ್ನು ಪ್ರಶ್ನಿಸತೊಡಗುತ್ತದೆ. ಆ ಕೀರ್ತಿಗೆ ಬೆಲೆ ಕೊಟ್ಟವರು ಯಾರೆಂಬುದು ಒಂದೊಂದೇ ಪ್ರಶ್ನೆಯಿಂದ ಹೊರಬೀಳುತ್ತದೆ. ಇಡೀ ನಾಟಕಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಪರದೆ, ಒಬ್ಬ ನಟಿ.

ಬರೆಯದೆ ಉಳಿದದ್ದು ಮಾತ್ರ ಬೇಕಾದಷ್ಟಿದೆ. 1990ರ ದಶಕದಲ್ಲಿ ರಾತ್ರಿಯ ಹೊತ್ತು ಪರಿಚಿತರ ದನಿಯಲ್ಲಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಗೋಡೆಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ರತಿ ದಿನವೂ ಓದಿಕೊಂಡು ಹಿಂದಿರುಗುವ ದೆವ್ವ! ಅದು ಕನ್ನಡ ಬಲ್ಲ ದೆವ್ವ, ಮೇಲಾಗಿ ಕಛೇರಿಗಳಲ್ಲಿ ಅಲೆದು ಅಭ್ಯಾಸವಿರುವ ದೆವ್ವ. ಸಿನಿಮಾದವರು ನಮಗಿಂತ ಚುರುಕು. ಪವನ್ ಕುಮಾರರ 'ಯು ಟರ್ನ್' (2016) ಬೆಂಗಳೂರಿನ ಒಂದು ಮೇಲ್ಸೇತುವೆಯಲ್ಲಿ, ಅಡ್ಡವಿಟ್ಟ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸುವವರ ಸುತ್ತ ಹೆಣೆದ ಕಥೆ. ಅದರ ಗುಟ್ಟನ್ನು ಇಲ್ಲಿ ಒಡೆಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ನೋಡಿದ ಮೇಲೆ ವರ್ತುಲ ರಸ್ತೆಯಲ್ಲಿ ಯಾರೂ ಅಡ್ಡ ತಿರುವು ತೆಗೆದುಕೊಳ್ಳುತ್ತಿಲ್ಲ.

ಮನೆಮಂದಿಗೆಲ್ಲ 'ಮೂಗು' ಆಗಬಹುದು. ಕಾಲೇಜಿನ ಮಕ್ಕಳು ಲಂಡನ್ನಿನ ಹೊಳೆಗಳಿಂದ ಆರಂಭಿಸಲಿ; ಓದಿ ಮುಗಿಸಿದ ಭಾನುವಾರ ಅವರನ್ನು ಕರೆದುಕೊಂಡು ಹೋಗಿ ಹತ್ತಿರದ ಕೆರೆಯ ಏರಿಯ ಮೇಲೆ ಒಂದು ಸುತ್ತು ಬನ್ನಿ. ಬುಲ್ಗಾಕೋವನಿಗೆ ಎರಡು ವಾರ ಬಿಡುವು ಬೇಕು. ಹರ್ಬರ್ಟನ ಕಥೆ ಮಾತ್ರ ದುಃಖದ ಕಥೆ, ಬೈಗುಳವೂ ಧಾರಾಳ. ಅದು ಮಕ್ಕಳ ಕೈಗೆ ಎಟುಕದ ಮೇಲಿನ ಅಂತಸ್ತಿನಲ್ಲಿರಲಿ.